ಅಟ್ಟದ ಟಿ.ವಿ.ಗೂ ಲ್ಯಾಪ್‌ಟಾಪ್‌ಗೂ ಹಳೆಯ ನಂಟು

ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿ.ವಿ. ಮನೆಗೆ ಬಂದ ದಿನವೇ ಹಳೆಯ ಡಬ್ಬಿ ಟಿ.ವಿ.ಯ ಗತಿ ನಿರ್ಧಾರವಾಗಿಬಿಡುತ್ತದೆ. ಕೆಲವು ಗುಜರಿಗೆ ಹೋಗುತ್ತವೆ, ಕೆಲವು ಊರಿನ ನೆಂಟರ ಮನೆಗೆ ಸಾಗುತ್ತವೆ, ಉಳಿದವು ಹಳೆಯ ಬೆಡ್‌ಶೀಟ್ ಹೊದ್ದು ಅಟ್ಟ ಸೇರುತ್ತವೆ. 1987-88ರ ಭಾನುವಾರಗಳಲ್ಲಿ ‘ರಾಮಾಯಣ’ ನೋಡಲು ಬೀದಿಯ ಅರ್ಧ ಜನರನ್ನು ತನ್ನೆದುರು ಕೂರಿಸಿಕೊಂಡಿದ್ದ ಯಂತ್ರದ ಸಂತಾನ ಅದು. ಅದೇ ಮನೆಯ ಇನ್ನೊಂದು ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಹಳೆಯ ಲ್ಯಾಪ್‌ಟಾಪ್ ಕೂಡ ಇರುತ್ತದೆ. ಅದರ ಜೊತೆ ಬಂದ ತಂತ್ರಾಂಶಕ್ಕೆ ತಯಾರಕರ ಬೆಂಬಲ ಎಂದೋ ನಿಂತಿರುತ್ತದೆ. ಆದರೆ ಮನೆಯ ಹುಡುಗರು ಯಾರೋ ಅದಕ್ಕೆ ಲಿನಕ್ಸ್ ಹಾಕಿರುತ್ತಾರೆ, ಅದು ಮತ್ತೆ ಲವಲವಿಕೆಯಿಂದ ಓಡುತ್ತಿರುತ್ತದೆ.

ಆಗ ಒಂದು ಪ್ರಶ್ನೆ ಏಳುತ್ತದೆ. ಈ ಲ್ಯಾಪ್‌ಟಾಪಿನ ಚಿತ್ರವನ್ನು ಆ ಟಿ.ವಿ.ಯಲ್ಲಿ ನೋಡಬಹುದೆ?

ಹಿಂದೆ ತಿರುಗಿಸಿ ನೋಡಿದರೆ ಟಿ.ವಿ.ಯಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ದುಂಡನೆಯ ತೂತುಗಳಿವೆ. ಲ್ಯಾಪ್‌ಟಾಪಿನಲ್ಲಿ ಅಂಥದ್ದು ಒಂದೂ ಇಲ್ಲ. ಒಂದರ ಬಾಯಿ ಇನ್ನೊಂದಕ್ಕೆ ಕೂಡುವುದಿಲ್ಲ. ಇವೆರಡೂ ಬೇರೆ ಬೇರೆ ಕುಲದ ಯಂತ್ರಗಳು, ಬಲವಂತದ ಮದುವೆ ಬೇಡ ಎಂದು ಯಾರಿಗಾದರೂ ಅನ್ನಿಸಬಹುದು. ಚರಿತ್ರೆ ಹೇಳುವುದು ಬೇರೆಯೇ ಮಾತು. ಮನೆಗೆ ಮೊಟ್ಟಮೊದಲು ಕಾಲಿಟ್ಟ ಕಂಪ್ಯೂಟರುಗಳಿಗೆ ಸ್ವಂತ ಪರದೆಯೇ ಇರಲಿಲ್ಲ. ಅವು ಬಂದು ಕೂತದ್ದು ಟಿ.ವಿ.ಯ ಪಕ್ಕದಲ್ಲಿ. ಅವುಗಳ ನಡುವೆ ಜಗಳವಾಗಿ ಬೇರೆಯಾದದ್ದು ಆಮೇಲೆ.

ಹೇಳಿದ್ದನ್ನು ಮಾಡುವ ಯಂತ್ರ

ಹಳೆಯ ಟಿ.ವಿ.ಯ ಹೃದಯ ಅದರ ಪಿಕ್ಚರ್ ಟ್ಯೂಬ್. 1897ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕೊಳವೆಯ ವಂಶದ್ದು ಅದು. ಗಾಳಿ ತೆಗೆದ ಗಾಜಿನ ಬುರುಡೆಯ ಹಿಂಬದಿಯಿಂದ ಎಲೆಕ್ಟ್ರಾನ್‌ಗಳ ಕಿರಣವೊಂದು ಹೊರಟು ಮುಂದಿನ ಗಾಜಿಗೆ ಬಡಿಯುತ್ತದೆ. ಬಡಿದ ಜಾಗ ಹೊಳೆಯುತ್ತದೆ. ರೈತ ಹೊಲದಲ್ಲಿ ಸಾಲು ಹೊಡೆದಂತೆ ಈ ಕಿರಣ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತ ಸಾಗುತ್ತದೆ. ಭಾರತ ಒಪ್ಪಿಕೊಂಡ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಮೊದಲ ಸುತ್ತಿನಲ್ಲಿ ಒಂದು ಬಿಟ್ಟು ಒಂದು ಗೆರೆ, ಎರಡನೆಯ ಸುತ್ತಿನಲ್ಲಿ ಬಿಟ್ಟುಹೋದ ಗೆರೆಗಳು. ಸೆಕೆಂಡಿಗೆ 50 ಸುತ್ತು, ಅಂದರೆ 25 ಪೂರ್ಣ ಚಿತ್ರ. ಲೆಕ್ಕ ಹಾಕಿದರೆ ಸೆಕೆಂಡಿಗೆ 15,625 ಗೆರೆಗಳಾದವು. ಈ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಈ ಟಿ.ವಿ.ಗೆ ಸ್ವಂತ ಬುದ್ಧಿಯಿಲ್ಲ. ಬರುವ ಸಂಕೇತ ದೂರದರ್ಶನದ ಗೋಪುರದಿಂದ ಬಂತೋ, ವಿ.ಸಿ.ಆರ್.ನಿಂದ ಬಂತೋ ಅದು ಕೇಳುವುದಿಲ್ಲ. ಗೆರೆ ಎಲ್ಲಿ ಶುರು, ಚಿತ್ರ ಎಲ್ಲಿ ಶುರು ಎಂಬ ಎರಡು ಸೂಚನೆಗಳು ಹೊತ್ತಿಗೆ ಸರಿಯಾಗಿ ಸಿಕ್ಕರೆ ಸಾಕು, ಕೊಟ್ಟದ್ದನ್ನು ತೋರಿಸುತ್ತದೆ. ಹಾಗಾದರೆ ಆ ಸಂಕೇತವನ್ನು ಮನೆಯಲ್ಲೇ ತಯಾರಿಸಿದರೆ?

ಬಸ್ ನಿಲ್ದಾಣದ ಯೋಚನೆ

ಹೀಗೆ ಯೋಚಿಸಿದವರಲ್ಲಿ ಮೊದಲ ಹೆಸರು ರಾಲ್ಫ್ ಬೇರ್ ಅವರದು. 1922ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಬೇರ್, 1938ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಓಡಿಬಂದವರು. ರೇಡಿಯೊ ರಿಪೇರಿ ಮಾಡಿ ಬದುಕಿದರು. ಬಳಿಕ ಷಿಕಾಗೊದಲ್ಲಿ ಟೆಲಿವಿಷನ್ ಎಂಜಿನಿಯರಿಂಗನ್ನೇ ಓದಿ ಪದವಿ ಪಡೆದರು. 1951ರಲ್ಲೇ, ಟಿ.ವಿ. ಸೆಟ್ಟಿನೊಳಗೆ ಒಂದು ಆಟ ಸೇರಿಸೋಣವೆ ಎಂದು ಅವರು ಕೇಳಿದ್ದುಂಟು, ಮೇಲಿನವರು ಒಪ್ಪಲಿಲ್ಲ. 1966ರಲ್ಲಿ ನ್ಯೂಯಾರ್ಕಿನ ಬಸ್ ನಿಲ್ದಾಣವೊಂದರಲ್ಲಿ ಕಾಯುತ್ತಿದ್ದಾಗ ಆ ಯೋಚನೆ ಮತ್ತೆ ಬಂತು. ಅಮೆರಿಕದ ಮನೆಮನೆಯಲ್ಲೂ ಟಿ.ವಿ. ಇದೆ, ಅದರಲ್ಲಿ ಜನ ಮಾಡಬಹುದಾದ ಕೆಲಸ ಮಾತ್ರ ಎರಡೇ: ಹಚ್ಚುವುದು, ಆರಿಸುವುದು. ಮೂರನೆಯದೊಂದು ಯಾಕಿರಬಾರದು?

ಆ ಯೋಚನೆಯ ಫಲವೇ 1972ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ. ಟಿ.ವಿ.ಯ ಆಂಟೆನಾ ತುದಿಗೆ ಸಿಕ್ಕಿಸಬೇಕಾದ ಪೆಟ್ಟಿಗೆ. ಖಾಲಿ ಇರುವ ಒಂದು ಚಾನೆಲ್ ತಿರುಗಿಸಿದರೆ ಪರದೆಯ ಮೇಲೆ ಕೆಲವು ಬಿಳಿಯ ಚೌಕಗಳು ಓಡಾಡುತ್ತಿದ್ದವು. ಸದ್ದಿಲ್ಲ, ಬಣ್ಣವಿಲ್ಲ. ಬಣ್ಣ ಬೇಕಾದರೆ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ಹಾಳೆಯನ್ನು ಟಿ.ವಿ.ಯ ಗಾಜಿಗೆ ಅಂಟಿಸಬೇಕಿತ್ತು. ಅದರೊಳಗೆ ಕಂಪ್ಯೂಟರ್ ಎನ್ನಬಹುದಾದ್ದು ಏನೂ ಇರಲಿಲ್ಲ. ಆದರೂ ದೊಡ್ಡದೊಂದು ಬಾಗಿಲು ತೆರೆದಿತ್ತು. ನಿಲಯ ಕಳುಹಿಸಿದ್ದನ್ನು ನೋಡುತ್ತ ಕೂರುತ್ತಿದ್ದವನು ಈಗ ತಾನೇ ಒಂದು ಪುಟ್ಟ ನಿಲಯವಾಗಿದ್ದ.

ಬಾಗಿಲಿನೊಳಗೆ ಅಕ್ಷರ ಬಂದದ್ದು ಮರುವರ್ಷ. 1973ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ರೇಡಿಯೊ ಎಲೆಕ್ಟ್ರಾನಿಕ್ಸ್’ ಪತ್ರಿಕೆ ತನ್ನ ಮುಖಪುಟದಲ್ಲಿ ಡಾನ್ ಲ್ಯಾಂಕಸ್ಟರ್ ರೂಪಿಸಿದ ‘ಟಿ.ವಿ. ಟೈಪ್‌ರೈಟರ್’ ಪ್ರಕಟಿಸಿತು. ಕೀಲಿ ಒತ್ತಿದರೆ ಮನೆಯ ಟಿ.ವಿ.ಯಲ್ಲಿ ಅಕ್ಷರ ಮೂಡುತ್ತಿತ್ತು. ಸಾಲಿಗೆ 32 ಅಕ್ಷರ, ಒಟ್ಟು 16 ಸಾಲು. ಆಗ ಗಣಕಕ್ಕೆ ಜೋಡಿಸುವ ಪರದೆಯೆಂದರೆ ಸಂಸ್ಥೆಗಳಷ್ಟೇ ಕೊಳ್ಳಬಲ್ಲ ವಸ್ತು. ಹವ್ಯಾಸಿಗಳ ಕೈಗೆ ಎಟುಕುವ ಪರದೆ ಕೂಡುಕೋಣೆಯಲ್ಲೇ ಇದೆ ಎಂಬುದನ್ನು ಈ ಲೇಖನ ತೋರಿಸಿಕೊಟ್ಟಿತು. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ಕಟ್ಟಿದ ಮೊದಲ ಆಪಲ್ ಗಣಕ ಬರಿಯ ಒಂದು ಸರ್ಕ್ಯೂಟ್ ಹಲಗೆಯಾಗಿತ್ತು. 666 ಡಾಲರ್ 66 ಸೆಂಟ್ ಕೊಟ್ಟವನು ಪೆಟ್ಟಿಗೆ, ಕೀಲಿಮಣೆ, ಪರದೆಗಳನ್ನು ತಾನೇ ಹೊಂದಿಸಿಕೊಳ್ಳಬೇಕಿತ್ತು.

ಸರ್ಕಾರದ ನಿಯಮಗಳೂ ನಡುವೆ ಬಂದವು. ಕಂಪ್ಯೂಟರಿನ ಸಂಕೇತವನ್ನು ಟಿ.ವಿ.ಯ ಚಾನೆಲ್ ಆಗಿ ಬದಲಿಸುವ ಪುಟ್ಟ ಡಬ್ಬಿಗೆ ಮಾಡ್ಯುಲೇಟರ್ ಎಂದು ಹೆಸರು. ಇದು ಪಕ್ಕದ ಮನೆಯ ಟಿ.ವಿ.ಯನ್ನೂ ಕೆಡಿಸಬಹುದು ಎಂಬ ಕಾರಣಕ್ಕೆ ಅಮೆರಿಕದ ಸಂಪರ್ಕ ಆಯೋಗ ಕಟ್ಟುನಿಟ್ಟು ಮಾಡಿತ್ತು. 1977ರ ಆಪಲ್-2 ಆ ಡಬ್ಬಿಯಿಲ್ಲದೆ ಮಾರಾಟವಾಯಿತು. ಬೇರೆಯವರು ಅದನ್ನು ಪ್ರತ್ಯೇಕವಾಗಿ ಮಾರಿದರು. 1979ರಲ್ಲಿ ಬಂದ ಅಟಾರಿ ಗಣಕಗಳ ಒಳಗೆ ಇದೇ ಕಾರಣಕ್ಕೆ ದಪ್ಪನೆಯ ಲೋಹದ ಕವಚವಿತ್ತು. ಅದೇ ವರ್ಷ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಗಣಕವನ್ನು ಪರದೆಯ ಸಮೇತ 1,150 ಡಾಲರಿಗೆ ಮಾರಬೇಕಾಯಿತು. ಒಂದು ಸಣ್ಣ ಡಬ್ಬಿಗೆ ಪರವಾನಗಿ ಇದೆಯೋ ಇಲ್ಲವೋ ಎಂಬುದೇ, ಸಾಮಾನ್ಯ ಮನೆಗೆ ಕಂಪ್ಯೂಟರ್ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವಂತಿತ್ತು.

ನೂರು ಪೌಂಡಿಗಿಂತ ಕಡಿಮೆ

ಟಿ.ವಿ.ಯ ಹೆಗಲ ಮೇಲೆ ಕಂಪ್ಯೂಟರನ್ನು ನಿಜವಾಗಿ ಜನಸಾಮಾನ್ಯರ ಮನೆಗೆ ಒಯ್ದದ್ದು ಬ್ರಿಟನ್. ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1980ರಲ್ಲಿ ತಂದ ಝಡ್‌ಎಕ್ಸ್-80ರ ಬೆಲೆ 99 ಪೌಂಡ್ 95 ಪೆನ್ಸ್. 1981ರ ಝಡ್‌ಎಕ್ಸ್-81ಕ್ಕೆ 69 ಪೌಂಡ್ 95 ಪೆನ್ಸ್. ಪರದೆಯ ಖರ್ಚು ಇಲ್ಲದ್ದರಿಂದಲೇ ಈ ಬೆಲೆ ಸಾಧ್ಯವಾಯಿತು. ಉಳಿತಾಯ ಎಷ್ಟರ ಮಟ್ಟಿಗಿತ್ತೆಂದರೆ, ಚಿತ್ರದ ಸಂಕೇತ ತಯಾರಿಸಲು ಬೇರೆ ಬಿಡಿಭಾಗ ಹಾಕದೆ ಲೆಕ್ಕ ಮಾಡುವ ಚಿಪ್ಪಿನಿಂದಲೇ ಆ ಚಾಕರಿಯನ್ನೂ ಮಾಡಿಸಿದ್ದರು. ಝಡ್‌ಎಕ್ಸ್-80 ಲೆಕ್ಕಕ್ಕೆ ಕೂತರೆ ಪರದೆ ಖಾಲಿಯಾಗುತ್ತಿತ್ತು. ಝಡ್‌ಎಕ್ಸ್-81 ಒಂದು ಉಪಾಯ ಕಂಡುಕೊಂಡಿತು: ಚಿತ್ರದ ಮೇಲೆ, ಕೆಳಗೆ ಇರುವ ಖಾಲಿ ಅಂಚನ್ನು ಕಿರಣ ದಾಟುವಾಗ ಸಿಗುವ ಬಿಡುವಿನಲ್ಲಿ ಮಾತ್ರ ಲೆಕ್ಕ ಮಾಡುವುದು. ಒಲೆಯ ಮೇಲೆ ಹಾಲಿಟ್ಟುಕೊಂಡು ನಡುನಡುವೆ ತರಕಾರಿ ಹೆಚ್ಚುವ ಗೃಹಿಣಿಯ ಜಾಣತನ ಅದು. ಕೆಲಸ ನಿಧಾನವಾಗುತ್ತಿತ್ತು, ಆದರೆ ಚಿತ್ರ ಮಾಯವಾಗುತ್ತಿರಲಿಲ್ಲ.

1981ರ ಡಿಸೆಂಬರಿನಲ್ಲಿ ಬಿ.ಬಿ.ಸಿ. ಮೈಕ್ರೊ ಬಂತು. ದೇಶಕ್ಕೆಲ್ಲ ಕಂಪ್ಯೂಟರ್ ಅಕ್ಷರಾಭ್ಯಾಸ ಮಾಡಿಸಬೇಕೆಂದು ಹೊರಟ ಪ್ರಸಾರ ಸಂಸ್ಥೆಗಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಕಟ್ಟಿದ ಯಂತ್ರವಿದು. 1982ರ ಜನವರಿಯಿಂದ ಬಿ.ಬಿ.ಸಿ. ಕಂಪ್ಯೂಟರ್ ಪಾಠಗಳನ್ನು ಪ್ರಸಾರ ಮಾಡಿತು. ಪಾಠ ಕೇಳುವುದೂ ಅದೇ ಟಿ.ವಿ.ಯಲ್ಲಿ, ಕಲಿತದ್ದನ್ನು ಮಾಡಿ ನೋಡುವುದೂ ಅದೇ ಟಿ.ವಿ.ಯಲ್ಲಿ.

ಈ ಸಹವಾಸ ಕಂಪ್ಯೂಟರಿನ ರೂಪವನ್ನೂ ತಿದ್ದಿತು. ಆ ಕಾಲದ ಬಹಳಷ್ಟು ಗಣಕಗಳು ಸಾಲಿಗೆ 40 ಅಕ್ಷರಗಳನ್ನೇ ತೋರಿಸುತ್ತಿದ್ದುದು ಯಾಕೆ? ಲೆಕ್ಕ ಸರಳ. ಒಂದು ಗೆರೆಯ ಕಾಣುವ ಭಾಗವನ್ನು ಎಳೆಯಲು ಕಿರಣಕ್ಕೆ ಸಿಗುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 52. ಪ್ರಸಾರದ ಸಂಕೇತಕ್ಕೆ ಸೆಕೆಂಡಿಗೆ 50 ಲಕ್ಷ ಬಾರಿ ಏರಿಳಿಯುವಷ್ಟು ಮಾತ್ರ ಅವಕಾಶ. ಒಂದು ಏರು, ಒಂದು ಇಳಿವು ಸೇರಿ ಎರಡು ಚುಕ್ಕಿಯೆಂದು ಹಿಡಿದರೆ ಗೆರೆಗೆ ಸುಮಾರು 520 ಚುಕ್ಕಿ. ಅಕ್ಷರಕ್ಕೆ 8 ಚುಕ್ಕಿಯ ಅಗಲದಂತೆ 40 ಅಕ್ಷರಕ್ಕೆ 320 ಚುಕ್ಕಿ ಬೇಕು, ಸಲೀಸಾಗಿ ಹಿಡಿಸುತ್ತದೆ. 80 ಅಕ್ಷರಕ್ಕೆ 640 ಬೇಕು, ಕಲಸಿಹೋಗುತ್ತದೆ. ಜೊತೆಗೆ, ಚಿತ್ರದ ಅಂಚುಗಳನ್ನು ಚೌಕಟ್ಟಿನ ಹಿಂದೆ ಅಡಗಿಸುವುದು ಟಿ.ವಿ.ಯ ಹುಟ್ಟುಗುಣ. ವಿದ್ಯುತ್ತು ಏರಿಳಿದು ಚಿತ್ರ ಕುಗ್ಗಿದರೂ ಕಪ್ಪು ಅಂಚು ಕಾಣದಿರಲೆಂದು ತಯಾರಕರೇ ಚಿತ್ರವನ್ನು ತುಸು ಹಿಗ್ಗಿಸಿಡುತ್ತಿದ್ದರು. ಅಕ್ಷರ ಕತ್ತರಿಸಿಹೋಗದಂತೆ ಆ ಗಣಕಗಳು ಸುತ್ತಲೂ ಖಾಲಿ ಅಂಚು ಬಿಟ್ಟುಕೊಂಡದ್ದು ಇದಕ್ಕಾಗಿ.

ಎಂಟು ಚುಕ್ಕಿಯಲ್ಲಿ ಹಿಡಿಸದ ಕನ್ನಡ

ಭಾರತದ ಸ್ಥಿತಿ ಬೇರೆಯಿತ್ತು. ಇಲ್ಲಿ ಟಿ.ವಿ.ಯೇ ದುರ್ಲಭ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಊರಿಗೆಲ್ಲ ಒಂದೇ ಸೆಟ್ಟು. 1977ರಲ್ಲಿ ಗುಲ್ಬರ್ಗದಲ್ಲೂ 1981ರ ನವೆಂಬರ್ 1ರಂದು ಬೆಂಗಳೂರಿನಲ್ಲೂ ದೂರದರ್ಶನ ಕೇಂದ್ರ ಆರಂಭವಾಯಿತು. 1982ರಲ್ಲಿ ಬಣ್ಣ ಬಂತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್‌ಗಳನ್ನು ತಯಾರಿಸುತ್ತಿತ್ತು. ಶಟರ್ ಎಳೆದು ಬೀಗ ಹಾಕುವ ಮರದ ಪೆಟ್ಟಿಗೆಯ ಟಿ.ವಿ.ಯನ್ನು ಮಕ್ಕಳ ಆಟದ ಡಬ್ಬಿಗೆ ಬಿಟ್ಟುಕೊಡುವ ಮನೆ ಅಪರೂಪವೇ ಆಗಿತ್ತು.

ಆದರೂ ಆ ಗಾಳಿ ಇಲ್ಲಿಗೂ ಬೀಸಿತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಆರಂಭಿಸಿದಾಗ ಆರಿಸಿಕೊಂಡದ್ದು ಬಿ.ಬಿ.ಸಿ. ಮೈಕ್ರೊವನ್ನೇ. 1986ರಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ ಗಣಕದ ಭಾರತೀಯ ಆವೃತ್ತಿಯೂ ಮಾರುಕಟ್ಟೆಗೆ ಬಂತು. 1990ರ ದಶಕದಲ್ಲಿ ‘ಟಿ.ವಿ. ಗೇಮ್’ ಹೆಸರಿನ ಅಗ್ಗದ ಆಟದ ಪೆಟ್ಟಿಗೆಗಳು ಪೇಟೆಗಳಲ್ಲಿ ತುಂಬಿದವು. ಅವು ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಕೆಲವಕ್ಕೆ ಕೀಲಿಮಣೆಯೂ ಇತ್ತು. ಟಿ.ವಿ.ಗೆ ತಂತಿ ಸಿಕ್ಕಿಸಿ, ಚಾನೆಲ್ ತಿರುಗಿಸುತ್ತ ಚಿತ್ರ ಹುಡುಕುವ ಕಸರತ್ತನ್ನು ಒಂದಿಡೀ ಪೀಳಿಗೆ ಇವುಗಳಿಂದಲೇ ಕಲಿಯಿತು.

ಇಂಗ್ಲಿಷಿಗೆ ಬರಿಯ ಇಕ್ಕಟ್ಟಾಗಿದ್ದ ಟಿ.ವಿ.ಯ ಮಿತಿ ಕನ್ನಡಕ್ಕೆ ಗೋಡೆಯೇ ಆಗಿತ್ತು. ‘ಎ’ ಎಂಬ ರೋಮನ್ ಅಕ್ಷರಕ್ಕೆ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕ ಧಾರಾಳ. ಅದೇ ಚೌಕದಲ್ಲಿ ‘ಸ್ತ್ರೀ’ ಎಂದು ಬರೆಯುವುದು ಹೇಗೆ? ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತು. ಕನ್ನಡಕ್ಕೆ ಹೆಚ್ಚು ಗೆರೆ ಬೇಕು, ಹೆಚ್ಚು ಚುಕ್ಕಿ ಬೇಕು, ಹೆಚ್ಚು ನೆನಪುಶಕ್ತಿ ಬೇಕು. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನದಂಥವು ಭಾರತೀಯ ಲಿಪಿಗಳನ್ನು ಗಣಕದ ಪರದೆಗೆ ತಂದವು. ಅಷ್ಟು ಹೊತ್ತಿಗೆ ಕಂಪ್ಯೂಟರ್ ಟಿ.ವಿ.ಯ ಮನೆ ಬಿಟ್ಟು ಸ್ವಂತ ಸಂಸಾರ ಹೂಡುತ್ತಿತ್ತು.

ಬೇರೆಯಾದದ್ದು

1981ರ ಆಗಸ್ಟ್‌ನಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಅತಿ ಅಗ್ಗದ ಮಾದರಿ, 1,565 ಡಾಲರಿನದು, ಮನೆಯ ಟಿ.ವಿ.ಗೆ ಜೋಡಿಸಲೆಂದೇ ಉದ್ದೇಶಿಸಿದ್ದು. ಆದರೆ ಕಚೇರಿಗಳಿಗೆ ಬೇಕಾಗಿದ್ದು ಸಾಲಿಗೆ 80 ಅಕ್ಷರ. ಲೆಕ್ಕಪತ್ರ ಬರೆಯುವವರು ಕಲಸಿದ ಅಕ್ಷರ ಒಪ್ಪಲಿಲ್ಲ. 1987ರಲ್ಲಿ ಐ.ಬಿ.ಎಂ. ತಂದ ವಿ.ಜಿ.ಎ. ಪದ್ಧತಿ ದಾರಿಯನ್ನು ಸ್ಪಷ್ಟವಾಗಿ ಕವಲೊಡೆಸಿತು. ಅದರಲ್ಲಿ ಗೆರೆ ಬಿಟ್ಟು ಗೆರೆ ಎಳೆಯುವ ಪದ್ಧತಿ ಇಲ್ಲ. ಸೆಕೆಂಡಿಗೆ ಸುಮಾರು 31,500 ಗೆರೆ, ಅಂದರೆ ಟಿ.ವಿ.ಯ ಇಮ್ಮಡಿ. ಈ ವೇಗಕ್ಕೆ ಟಿ.ವಿ. ಹೆಜ್ಜೆ ಹಾಕಲಾರದು. ಬಣ್ಣಗಳೂ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ, ಟಿ.ವಿ.ಯ ಹಳದಿ ತೂತಿಗೆ ಎಲ್ಲ ಬಣ್ಣವೂ ಒಂದೇ ತಂತಿಯಲ್ಲಿ ಬೆರೆತು ಬರಬೇಕು. ಇಂದಿಗೂ ಅಂಗಡಿಯಲ್ಲಿ ಸಿಗುವ ಬರಿಯ ತಂತಿಯನ್ನು ಕೊಂಡು ಲ್ಯಾಪ್‌ಟಾಪಿನ ವಿ.ಜಿ.ಎ.ಯಿಂದ ಟಿ.ವಿ.ಗೆ ಎಳೆದವರು ನಿರಾಶರಾಗುವುದು ಇದರಿಂದಲೇ. ಎರಡು ಭಾಷೆಯವರ ನಡುವೆ ಹಗ್ಗ ಕಟ್ಟಿದರೆ ಸಾಲದು, ದುಭಾಷಿ ಬೇಕು.

ಹೆಲ್ಸಿಂಕಿಯ ಹುಡುಗ

ಈ ಕಥೆಯಲ್ಲಿ ಲಿನಕ್ಸ್ ಬರುವ ಬಗೆಯೇ ವಿಶೇಷ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲಿಯೊ ತೋರ್ನ್‌ಕ್ವಿಸ್ಟ್ 1981ರ ಸುಮಾರಿಗೆ ಒಂದು ಕಮೊಡೋರ್ ವಿಕ್-20 ಕೊಂಡರು. ಟಿ.ವಿ.ಗೆ ಜೋಡಿಸಲೆಂದೇ ರೂಪಿಸಿದ, ಸಾಲಿಗೆ 22 ಅಕ್ಷರ ತೋರಿಸುವ, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ ಕಂಡ ಮೊದಲ ಮನೆಗಣಕ ಅದು. ತಾತ ತನ್ನ ತೊಡೆಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಪ್ರೋಗ್ರಾಮುಗಳನ್ನು ಅವನ ಕೈಯಲ್ಲಿ ಟೈಪು ಮಾಡಿಸುತ್ತಿದ್ದರು. ಆ ಮೊಮ್ಮಗ ಲೀನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ರಂದು ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿರುವುದಾಗಿ ಲೋಕಕ್ಕೆ ತಿಳಿಸಿದ ವಿದ್ಯಾರ್ಥಿ ಅವನೇ. ಯಾರು ಬೇಕಾದರೂ ಒಳಗೆ ಇಣುಕಿ ತಿದ್ದಬಹುದಾದ ಲಿನಕ್ಸ್ ಹುಟ್ಟಿದ್ದು ಹಾಗೆ.

ಲಿನಕ್ಸ್‌ನ ಆರಂಭದ ದಿನಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವುದು ಸಾಹಸವೇ ಆಗಿತ್ತು. 1992ರಲ್ಲಿ ಆರಂಭವಾದ ಎಕ್ಸ್‌ಫ್ರೀ-86 ಎಂಬ ತಂತ್ರಾಂಶಕ್ಕೆ ಬಳಕೆದಾರನೇ ‘ಮೋಡ್‌ಲೈನ್’ ಎಂಬ ಸಂಖ್ಯೆಗಳ ಸಾಲು ಬರೆದುಕೊಡಬೇಕಿತ್ತು. ಸೆಕೆಂಡಿಗೆ ಎಷ್ಟು ಚುಕ್ಕಿ, ಗೆರೆಗೆ ಎಷ್ಟು, ಗೆರೆ ಎಲ್ಲಿ ಮುಗಿಯುತ್ತದೆ, ಚಿತ್ರಕ್ಕೆ ಎಷ್ಟು ಗೆರೆ. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರ್ ಸುಟ್ಟುಹೋದೀತು ಎಂಬ ಎಚ್ಚರಿಕೆಯೂ ಜೊತೆಗಿರುತ್ತಿತ್ತು. ಹೊಸಬರಿಗೆ ಇದು ಕಾಟ. ಆದರೆ ಹಳೆಯ ಟಿ.ವಿ. ಉಳ್ಳವರಿಗೆ ಇದೇ ವರವಾಯಿತು. ಗೆರೆಗೆ ಅಡಗಿದ್ದೂ ಸೇರಿ 864 ಚುಕ್ಕಿ, ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 1 ಕೋಟಿ 35 ಲಕ್ಷ. ಸೆಕೆಂಡಿಗೆ ಅಷ್ಟು ಚುಕ್ಕಿಯಂತೆ ಓಡು ಎಂದು ಗಣಕಕ್ಕೆ ಬರೆದುಕೊಟ್ಟರೆ, ಹೊಂದುವ ಕಾರ್ಡು ಇದ್ದಲ್ಲಿ, ಅದು ಮತ್ತೆ ಸೆಕೆಂಡಿಗೆ 15,625 ಗೆರೆಯ ಹಳೆಯ ತಾಳಕ್ಕೆ ಇಳಿಯುತ್ತಿತ್ತು. ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ಸ್ವೀಕರಿಸುವ ದೊಡ್ಡ ಸಾಕೆಟ್ ಇದ್ದ ಯುರೋಪಿನ ಟಿ.ವಿ.ಗಳಲ್ಲಿ ಇದನ್ನು ಮಾಡಿ ತೋರಿಸಿದವರು ಹಲವರು.

1990ರ ದಶಕದ ಕೊನೆಯಿಂದ ಲ್ಯಾಪ್‌ಟಾಪುಗಳಲ್ಲೇ ‘ಎಸ್-ವಿಡಿಯೊ’ ಎಂಬ ದುಂಡನೆಯ ಟಿ.ವಿ. ಸಾಕೆಟ್ ಕಾಣಿಸಿಕೊಂಡಿತು. ತಂತಿಯ ಆ ತುದಿಯಲ್ಲಿ ಟಿ.ವಿ. ಇದೆಯೋ ಇಲ್ಲವೋ ಎಂದು ತಿಳಿಯಲು ಗಣಕಕ್ಕಿದ್ದ ದಾರಿ, ವಿದ್ಯುತ್ ರೋಧವನ್ನು ಮುಟ್ಟಿ ನೋಡುವುದು. ಈ ಪರೀಕ್ಷೆ ಕೆಲವೊಮ್ಮೆ ಎಡವುತ್ತಿತ್ತು. ಸಾಕೆಟ್ಟೇ ಇಲ್ಲದ ಕೆಲವು ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಇಲ್ಲದ ಟಿ.ವಿ.ಯೊಂದನ್ನು ಕಂಡು, ಅರ್ಧ ಕೆಲಸವನ್ನು ಆ ಮಾಯಾ ಪರದೆಗೆ ಕಳುಹಿಸಿಬಿಡುತ್ತಿತ್ತು. ಅಲ್ಲಿ ಟಿ.ವಿ. ಇಲ್ಲ ಎಂದು ಗಣಕ ಏಳುವಾಗಲೇ ಒಂದು ಸಾಲಿನಲ್ಲಿ ತಿಳಿಸಿ ಬಳಕೆದಾರರು ಭೂತ ಬಿಡಿಸಿಕೊಳ್ಳಬೇಕಾಗುತ್ತಿತ್ತು. 2007ರ ಸುಮಾರಿಗೆ, ಗಣಕ ಓಡುತ್ತಿರುವಾಗಲೇ ಹೊಸ ಪರದೆ ಜೋಡಿಸುವ ಅನುಕೂಲ ಲಿನಕ್ಸಿಗೂ ಬಂತು.

ಸುಳ್ಳು ಹೇಳುವ ಪರದೆ

2002ರ ಡಿಸೆಂಬರಿನಲ್ಲಿ ಏಳು ಕಂಪನಿಗಳು ಸೇರಿ ರೂಪಿಸಿದ ಎಚ್.ಡಿ.ಎಂ.ಐ. ಪದ್ಧತಿಯಿಂದ ಬೇರೆಯಾಗಿದ್ದ ಅಣ್ಣತಮ್ಮಂದಿರು ಮತ್ತೆ ಒಂದಾದರು. ಒಂದೇ ತಂತಿಯಲ್ಲಿ ಚಿತ್ರ, ಸದ್ದು ಎರಡೂ. ಎಚ್.ಡಿ.ಎಂ.ಐ. ಇರುವ ಮೊದಲ ತಲೆಮಾರಿನ ಚಪ್ಪಟೆ ಟಿ.ವಿ.ಗಳೇ ಈಗ ಹಳೆಯವಾಗಿವೆ. ಅವನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು ಸುಲಭ, ಆದರೆ ಹಳೆಯ ಅಭ್ಯಾಸಗಳು ಅವುಗಳಲ್ಲೂ ಉಳಿದಿವೆ. ಪಿಕ್ಚರ್ ಟ್ಯೂಬ್ ಹೋದರೂ ಅಂಚು ಅಡಗಿಸುವ ಚಾಳಿ ಹೋಗಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲ್ಪಟ್ಟಿಯೇ ಕಾಣುತ್ತಿಲ್ಲ ಎಂದು ಲಿನಕ್ಸನ್ನು ಬೈಯುವವರು ಟಿ.ವಿ.ಯ ಚಿತ್ರದಳತೆಯ ಆಯ್ಕೆಯನ್ನು ಒಮ್ಮೆ ನೋಡಬೇಕು. ಚುಕ್ಕಿಗೆ ಚುಕ್ಕಿ ತೋರಿಸುವ ಆಯ್ಕೆ ಅಲ್ಲೇ ಎಲ್ಲೋ ಅಡಗಿರುತ್ತದೆ.

ಇನ್ನೊಂದು ತೊಡಕು ಪರಿಚಯಪತ್ರದ್ದು. 1994ರಿಂದ ಪರದೆಗಳು ತಮ್ಮ ಅಳತೆ, ವೇಗಗಳನ್ನು ಗಣಕಕ್ಕೆ ತಾವೇ ತಿಳಿಸುವ ಏರ್ಪಾಡು ಇದೆ. ಅದು 128 ಅಕ್ಷರಗಳಷ್ಟು ಸ್ಥಳದ ಪುಟ್ಟ ಚೀಟಿ. ಅಗ್ಗದ ಟಿ.ವಿ.ಗಳಲ್ಲಿ ಬಹಳ ಬಳಕೆಯಾದ ಪರದೆಯ ಅಗಲ 1,366 ಚುಕ್ಕಿ. ಚೀಟಿಯ ಸಾಮಾನ್ಯ ಪಟ್ಟಿಯಲ್ಲಿ ಅಗಲವನ್ನು ಎಂಟರ ಮಗ್ಗಿಯಲ್ಲೇ ಬರೆಯಬೇಕು. 1,366 ಎಂಟರಿಂದ ಭಾಗವಾಗದು. ಹತ್ತಿರದವು 1,360 ಮತ್ತು 1,368. ಹೀಗಾಗಿ ಟಿ.ವಿ. ತನ್ನ ನಿಜವಾದ ಅಳತೆ ಹೇಳಲಾಗದೆ ಇನ್ನೇನೋ ಹೇಳುತ್ತದೆ, ಅಕ್ಷರಗಳು ಮಸುಕಾಗುತ್ತವೆ. ಇಂಥ ಕಡೆ ಚೀಟಿಯನ್ನು ಬದಿಗಿಟ್ಟು ಸರಿಯಾದ ಸಂಖ್ಯೆಯನ್ನು ತಾವೇ ಕೊಡಲು ಲಿನಕ್ಸ್‌ನಲ್ಲಿ ಇಂದಿಗೂ ದಾರಿಯಿದೆ. ಯಂತ್ರ ತನ್ನ ಬಗ್ಗೆ ಏನೇ ಹೇಳಿಕೊಳ್ಳಲಿ, ಕೊನೆಯ ಮಾತು ಅದರ ಒಡೆಯನದು ಎಂಬ ಹಳೆಯ ಮೋಡ್‌ಲೈನ್ ಕಾಲದ ನಂಬಿಕೆ ಅಲ್ಲಿ ಉಳಿದಿದೆ.

ಹಳದಿ ತೂತಿನ ಕೊನೆಯ ದಿನಗಳು

ಅಟ್ಟದ ಡಬ್ಬಿ ಟಿ.ವಿ.ಯ ವಿಷಯವೇನು? ಅದಕ್ಕೂ ದುಭಾಷಿ ಸಿಗುತ್ತದೆ. ಎಚ್.ಡಿ.ಎಂ.ಐ. ಸಂಕೇತವನ್ನು ಹಳದಿ-ಬಿಳಿ-ಕೆಂಪು ತಂತಿಗಳಿಗೆ ಬದಲಿಸುವ ಪುಟ್ಟ ಡಬ್ಬಿ ಅದು. ಇದೇ ರೂಪದ, ವಿರುದ್ಧ ದಿಕ್ಕಿನ ಡಬ್ಬಿಯೂ ಉಂಟು; ಕೊಳ್ಳುವಾಗ ಯಾವುದರಿಂದ ಯಾವುದಕ್ಕೆ ಎಂದು ಓದಿ ನೋಡಬೇಕು. ಜೋಡಿಸಿದ ಮೇಲೆ ಅಕ್ಷರಗಳನ್ನು ಸಾಕಷ್ಟು ದೊಡ್ಡದು ಮಾಡಬೇಕು, ಸದ್ದಿನ ದಾರಿಯನ್ನು ಸೆಟ್ಟಿಂಗಿನಲ್ಲಿ ಎಚ್.ಡಿ.ಎಂ.ಐ. ಕಡೆಗೆ ತಿರುಗಿಸಬೇಕು. ಇಷ್ಟಾದರೂ ಪತ್ರ ಬರೆಯಲು, ಪತ್ರಿಕೆ ಓದಲು ಆ ಪರದೆ ಒಗ್ಗದು. ತೆಳುವಾದ ಅಡ್ಡಗೆರೆಗಳು ಪಟಪಟನೆ ಮಿನುಗುತ್ತವೆ. 40 ಅಕ್ಷರದ ಹಳೆಯ ಕಟ್ಟಳೆ ಮತ್ತೆ ನೆನಪಾಗುತ್ತದೆ. ಹಳೆಯ ಸಿನಿಮಾ, ಮಕ್ಕಳ ಚಿತ್ರ, ಹಾಡು, ಹಳೆಯ ಆಟಗಳಿಗೆ ಮಾತ್ರ ಅದು ಹೇಳಿ ಮಾಡಿಸಿದಂತಿರುತ್ತದೆ. ಒಂದು ಎಚ್ಚರಿಕೆ: ಏನೇ ಆದರೂ ಟಿ.ವಿ.ಯ ಹಿಂಬದಿ ಬಿಚ್ಚಬಾರದು. ಬಣ್ಣದ ಟ್ಯೂಬಿಗೆ 20 ಸಾವಿರ ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ ಬೇಕು. ಸ್ವಿಚ್ಚು ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು.

2012ರ ಫೆಬ್ರುವರಿ 29ರಂದು ಕೇಂಬ್ರಿಜ್‌ನಿಂದಲೇ ಇನ್ನೊಂದು ಅಗ್ಗದ ಗಣಕ ಹೊರಬಂತು. 35 ಡಾಲರಿನ ರಾಸ್ಬೆರಿ ಪೈ. ಓಡುವುದು ಲಿನಕ್ಸ್‌ನಲ್ಲಿ, ಮಾದರಿಗಳಿಗೆ ಬಿ.ಬಿ.ಸಿ. ಮೈಕ್ರೊವಿನ ನೆನಪಿಗೆ ‘ಎ’, ‘ಬಿ’ ಎಂದೇ ಹೆಸರು. ಅದರಲ್ಲೂ ಪರದೆ ಇರಲಿಲ್ಲ. ಅಂಗೈಯಗಲದ ಹಲಗೆಯ ಮೇಲೆ ಎಚ್.ಡಿ.ಎಂ.ಐ. ಪಕ್ಕದಲ್ಲೇ ಒಂದು ಹಳದಿ ತೂತು ಇತ್ತು. ಹೊಸ ಟಿ.ವಿ. ಇಲ್ಲದ ಮನೆಯ ಮಗುವಿಗೂ ಕಂಪ್ಯೂಟರ್ ಸಿಗಲಿ ಎಂಬ ಲೆಕ್ಕ ಅದು. 2014ರಲ್ಲಿ ಆ ತೂತು ಇಯರ್‌ಫೋನಿನ ಸಾಕೆಟ್ಟಿನೊಳಗೆ ಸೇರಿತು. 2019ರ ಮಾದರಿಯಲ್ಲಿ ಟಿ.ವಿ. ಸಂಕೇತ ಬೇಕೆಂದರೆ ಕೇಳಿ ಪಡೆಯಬೇಕಾಯಿತು. 2023ರ ಮಾದರಿಯಲ್ಲಿ ಸಾಕೆಟ್ಟೇ ಇಲ್ಲ. ಬೇಕಾದವರು ತಂತಿ ಬೆಸೆದುಕೊಳ್ಳಲು ಎರಡು ಚುಕ್ಕಿಗಳಷ್ಟೇ ಉಳಿದಿವೆ.

ಇತ್ತ ದೂರದರ್ಶನವೂ ತನ್ನ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಹೊತ್ತಿಗೆ ಮುಚ್ಚಿತು. ಆಂಟೆನಾ ಎಷ್ಟು ತಿರುಗಿಸಿದರೂ ಅಟ್ಟದ ಟಿ.ವಿ.ಗೆ ಈಗ ಕಾಣುವುದು ಬರಿಯ ಎಳ್ಳು ಚೆಲ್ಲಿದಂಥ ಚುಕ್ಕಿಗಳು. ಅದರ ಗಾಜಿನಲ್ಲಿ ಸೀಸವಿದೆ. ಗುಜರಿಯಲ್ಲಿ ಒಡೆದರೆ ಅದು ಮಣ್ಣಿಗೂ ನೀರಿಗೂ ಸೇರುತ್ತದೆ. 2012ರಿಂದ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು ಜಾರಿಯಲ್ಲಿವೆ, 2023ರಿಂದ ಅವು ಇನ್ನಷ್ಟು ಬಿಗಿಯಾಗಿವೆ. ಕೆಟ್ಟು ಕೂತ ಸೆಟ್ಟನ್ನು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವುದೇ ಸರಿ. ಆದರೆ ಕೆಡದ ಸೆಟ್ಟು ಕೆಟ್ಟಿದೆಯೆಂದು ಯಾರು ಹೇಳಬೇಕು? ಅದಕ್ಕೆ ಸಂಕೇತ ಕಳುಹಿಸುವವರು ನಿಂತುಹೋದರು ಎಂಬುದು ಅದರ ತಪ್ಪಲ್ಲ. ಲ್ಯಾಪ್‌ಟಾಪಿನದೂ ಅದೇ ಕಥೆ. ಅದು ಸೋತದ್ದಲ್ಲ, ಅದರ ತಂತ್ರಾಂಶ ಬರೆದವರು ಕೈಬಿಟ್ಟದ್ದು.

ಹೀಗೆ ಕೈಬಿಟ್ಟ ಎರಡು ಯಂತ್ರಗಳು ಒಂದು ಸಣ್ಣ ಡಬ್ಬಿಯ ನೆರವಿನಿಂದ ಕೂಡಿದಾಗ, ಒಂದಕ್ಕೆ ದೊಡ್ಡ ಪರದೆ ಸಿಗುತ್ತದೆ, ಇನ್ನೊಂದಕ್ಕೆ ಒಂದು ನಿಲಯ ಸಿಗುತ್ತದೆ. ಅರ್ಧ ಶತಮಾನದ ಹಿಂದೆ ಹವ್ಯಾಸಿಗಳು ಮಾಡಿದ್ದೂ ಇದನ್ನೇ: ಮನೆಯಲ್ಲಿ ಇರುವುದರಲ್ಲೇ ಇನ್ನೊಂದು ಕೆಲಸ ಹುಡುಕುವುದು.